ವ್ಲಾಗರ್‌ಗಳ ಸಮಾವೇಶಕ್ಕೆ ಬೆಂಗಳೂರಿನಿಂದ ಅನಾಹೈಮ್‌ಗೆ ಹೋಗುವುದು ಹೇಗೆ?

ವಿಡಿಯೊ ಮಾಡುವವರಿಗೆಂದೇ ನಡೆಯುವ ಸಮಾವೇಶಗಳಲ್ಲಿ ಬಹಳ ಹೆಸರು ಮಾಡಿದ್ದು ವಿಡ್‌ಕಾನ್. ಜಾನ್ ಗ್ರೀನ್ ಮತ್ತು ಹ್ಯಾಂಕ್ ಗ್ರೀನ್ ಎಂಬ ಅಣ್ಣತಮ್ಮಂದಿರು 2010ರಲ್ಲಿ ಲಾಸ್ ಏಂಜಲೀಸ್‌ನ ಹೋಟೆಲೊಂದರಲ್ಲಿ ಆರಂಭಿಸಿದ ಈ ಕೂಟ, 2012ರಲ್ಲಿ ಹತ್ತಿರದ ಅನಾಹೈಮ್‌ನ ಕನ್ವೆನ್ಷನ್ ಸೆಂಟರ್‌ಗೆ ಬಂದು ಅಲ್ಲೇ ನೆಲೆಯೂರಿತು. ಸಾಮಾನ್ಯವಾಗಿ ಜೂನ್‌ನಲ್ಲಿ ನಡೆಯುತ್ತದೆ. ಮೊದಲೇ ಹೇಳಿಬಿಡುತ್ತೇನೆ: ಹೆಸರಾಂತ ಯೂಟ್ಯೂಬರ್ ಪಕ್ಕ ನಿಂತು ಸೆಲ್ಫಿ ತೆಗೆದುಕೊಳ್ಳುವುದಷ್ಟೇ ಆಸೆಯಾದರೆ ಇಷ್ಟು ಖರ್ಚು ದಂಡ. ನಿಮ್ಮಷ್ಟೇ ಚಿಕ್ಕ ಚಾನೆಲ್ ನಡೆಸುವ, ನಿಮ್ಮಂತೆಯೇ ರಾತ್ರಿ ನಿದ್ದೆಗೆಟ್ಟು ಎಡಿಟ್ ಮಾಡುವ ಬೇರೆ ದೇಶದವರನ್ನು ಕಂಡು ಮಾತನಾಡಬೇಕು ಎನ್ನುವವರಿಗೆ ಈ ಲೇಖನ.

ಟಿಕೆಟ್‌ನಲ್ಲಿ ಮೂರು ಬಗೆ. ಅಭಿಮಾನಿಗಳಿಗೆ ಕಮ್ಯುನಿಟಿ, ವಿಡಿಯೊ ಮಾಡುವವರಿಗೆ ಕ್ರಿಯೇಟರ್, ಉದ್ಯಮದವರಿಗೆ ಇಂಡಸ್ಟ್ರಿ. ಕೊನೆಯದು ದುಬಾರಿ. ಅಷ್ಟು ದೂರ ಹೋಗಿ ಕಮ್ಯುನಿಟಿ ಟಿಕೆಟ್‌ನಲ್ಲಿ ಒಳಹೋಗುವುದರಲ್ಲಿ ಅರ್ಥವಿಲ್ಲ. ಕಸುಬಿನ ಗೋಷ್ಠಿಗಳು ಬೇಕೆಂದರೆ ಕ್ರಿಯೇಟರ್ ಟಿಕೆಟ್ಟೇ ಸರಿ. ಆದರೆ ಇದಾವುದನ್ನೂ ವೀಸಾ ಕೈಗೆ ಬರುವ ಮುನ್ನ ಕೊಳ್ಳಬೇಡಿ. ಹಣ ಮರಳದ ವಿಮಾನದ ಟಿಕೆಟ್ಟನ್ನಂತೂ ಖಂಡಿತ ಬೇಡ.

ವೀಸಾ: ಇಲ್ಲೇ ಹೆಚ್ಚು ಬೆವರು

ಬೇಕಾದದ್ದು ಬಿ1/ಬಿ2 ವೀಸಾ, ಅಂದರೆ ವ್ಯವಹಾರ ಮತ್ತು ಪ್ರವಾಸಕ್ಕೆಂದು ಸ್ವಲ್ಪ ಕಾಲ ಹೋಗಿಬರುವವರ ವೀಸಾ. ಸಮ್ಮೇಳನಕ್ಕೆ ಹೋಗುವುದು ಇದರ ಬಿ1 ಭಾಗದಲ್ಲೇ ಬರುತ್ತದೆ. ಅರ್ಜಿ ಶುಲ್ಕ 185 ಡಾಲರ್, ವೀಸಾ ಸಿಗದಿದ್ದರೂ ಈ ಹಣ ವಾಪಸಾಗುವುದಿಲ್ಲ. 2025ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾದಾಗ ನಮ್ಮವರು ಹಿಗ್ಗಿದ್ದೇನೋ ನಿಜ, ಆದರೆ ವೀಸಾ ಸೇವೆ ಅದರ ಜೊತೆಯಲ್ಲೇ ಬರಲಿಲ್ಲ. ಹಾಗಾಗಿ ಚೆನ್ನೈ ಇಲ್ಲವೇ ಹೈದರಾಬಾದ್ ದಾರಿ ಹಿಡಿಯಲು ಸಿದ್ಧರಾಗಿರಿ. ಬೆರಳ ಗುರುತು ಕೊಡಲು ಒಂದು ದಿನ, ಸಂದರ್ಶನಕ್ಕೆ ಇನ್ನೊಂದು ದಿನ ಎಂದು ಲೆಕ್ಕ ಹಾಕಿ. ಸಂದರ್ಶನದ ದಿನಾಂಕ ಸಿಗಲು ಕೆಲವೊಮ್ಮೆ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ. ಜೂನ್‌ನ ಸಮಾವೇಶಕ್ಕೆ ಯುಗಾದಿಯ ನಂತರ ಅರ್ಜಿ ಹಾಕುತ್ತೇನೆ ಎಂದರೆ ಆಗುವ ಮಾತಲ್ಲ, ಹಿಂದಿನ ದಸರೆಯ ಹೊತ್ತಿಗೇ ಕೆಲಸ ಶುರುವಾಗಬೇಕು.

ವೀಸಾಕ್ಕೆ ತುಂಬುವ ಡಿಎಸ್-160 ಅರ್ಜಿಯಲ್ಲಿ ವ್ಲಾಗರ್‌ಗಳು ಎಚ್ಚರದಿಂದ ತುಂಬಬೇಕಾದ ಅಂಕಣವೊಂದಿದೆ: ಕಳೆದ ಐದು ವರ್ಷಗಳಲ್ಲಿ ಬಳಸಿದ ಸಾಮಾಜಿಕ ಜಾಲತಾಣಗಳ ಖಾತೆಗಳ ಹೆಸರು. ಬೇರೆಯವರು ಒಂದೆರಡು ಖಾತೆ ಬರೆದು ಮುಗಿಸುತ್ತಾರೆ; ನಮ್ಮವರಿಗೆ ಮುಖ್ಯ ಚಾನೆಲ್, ಹಳೆಯ ಚಾನೆಲ್, ಹೆಂಡತಿಯ ಜೊತೆ ಸೇರಿ ತೆರೆದ ಅಡುಗೆ ಚಾನೆಲ್ ಎಂದು ಸಾಲುಗಟ್ಟಿರುತ್ತವೆ. ಮೊದಲು ಹಾಳೆಯಲ್ಲಿ ಪಟ್ಟಿ ಮಾಡಿಕೊಂಡು, ಅಂಕಣ ಕೇಳಿದ್ದನ್ನೆಲ್ಲ ಬಿಡದೆ ಬರೆಯಿರಿ. ಆದಾಯಕ್ಕೆ ಸಂಬಳದ ಚೀಟಿ ಇಲ್ಲದವರು ಆದಾಯ ತೆರಿಗೆ ರಿಟರ್ನ್ಸ್, ಯೂಟ್ಯೂಬ್ ಹಣ ಬಂದು ಬೀಳುವ ಬ್ಯಾಂಕ್ ಖಾತೆಯ ಸ್ಟೇಟ್‌ಮೆಂಟ್ ಜೋಡಿಸಿಟ್ಟುಕೊಳ್ಳಿ. ಸಂದರ್ಶನದಲ್ಲಿ ಸಮಾವೇಶದ ಹೆಸರು, ದಿನಾಂಕ, ಖರ್ಚು ಯಾರದು, ಮರಳಿ ಬಂದು ಇಲ್ಲಿ ಮಾಡುವ ಕೆಲಸವೇನು ಎಂಬುದನ್ನು ಎರಡು ಮಾತಿನಲ್ಲಿ ಹೇಳಿದರೆ ಸಾಕು. ಅಲ್ಲಿನ ಕಂಪನಿಯಿಂದ ದುಡ್ಡು ಪಡೆದು ಅಲ್ಲೇ ಕೆಲಸ ಮಾಡಿಕೊಡಲು ಈ ವೀಸಾದಲ್ಲಿ ಅವಕಾಶವಿಲ್ಲ.

ಚೀಲದಲ್ಲಿ ಏನಿರಬೇಕು

ಹೆಚ್ಚುವರಿ ಬ್ಯಾಟರಿ ಮತ್ತು ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ಚೆಕ್-ಇನ್ ಸಾಮಾನಿನಲ್ಲಿ ಹಾಕುವಂತಿಲ್ಲ. ಮಿತಿ 100 ವ್ಯಾಟ್ ಅವರ್. ಅದನ್ನು ಮೀರಿ 160ರವರೆಗಿನದ್ದಕ್ಕೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು. 20,000 ಎಂಎಎಚ್‌ನ ಪವರ್ ಬ್ಯಾಂಕನ್ನು 3.7 ವೋಲ್ಟ್‌ನಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ 74 ಬರುತ್ತದೆ, ತೊಂದರೆಯಿಲ್ಲ.

ವಿದ್ಯುತ್ತಿನ ವಿಷಯವನ್ನು ಹಗುರವಾಗಿ ನೋಡುವವರೇ ಹೆಚ್ಚು. ನಮ್ಮಲ್ಲಿ 230 ವೋಲ್ಟ್, 50 ಹರ್ಟ್ಸ್. ಅಲ್ಲಿ 120 ವೋಲ್ಟ್, 60 ಹರ್ಟ್ಸ್. ಚಾರ್ಜರ್ ಮೇಲೆ 100-240 ವೋಲ್ಟ್ ಎಂದು ಬರೆದಿದ್ದರೆ ಚಪ್ಪಟೆ ಕಡ್ಡಿಯ ಅಡಾಪ್ಟರ್ ಒಂದೇ ಸಾಕು, ಎಸ್.ಪಿ. ರಸ್ತೆಯಲ್ಲಿ ಹುಡುಕಿದರೆ ಸಿಗುತ್ತದೆ. ನಿಜವಾದ ಪೇಚು ಕ್ಯಾಮೆರಾದ್ದು. ಇಲ್ಲಿ 1/50 ಷಟರ್ ವೇಗದಲ್ಲಿ ಚೆನ್ನಾಗಿ ಬರುವ ಚಿತ್ರದಲ್ಲಿ 60 ಹರ್ಟ್ಸ್‌ಗೆ ತಕ್ಕಂತೆ ಮಿನುಗುವ ಅಲ್ಲಿನ ಎಲ್‌ಇಡಿ ದೀಪಗಳ ಕೆಳಗೆ ಕಪ್ಪು ಪಟ್ಟಿಗಳು ಹರಿದಾಡಬಹುದು. ಕ್ಯಾಮೆರಾದ ಚಿಕ್ಕ ಪರದೆಯಲ್ಲಿ ಅದು ಕಾಣುವುದಿಲ್ಲ, ರಾತ್ರಿ ಲ್ಯಾಪ್‌ಟಾಪ್ ತೆರೆದಾಗ ಇಡೀ ದಿನದ ಚಿತ್ರೀಕರಣ ಮಿಣಮಿಣ ಎನ್ನುತ್ತಿರುತ್ತದೆ. ವಿಮಾನ ಇಳಿದ ಕೂಡಲೇ ಷಟರ್ ವೇಗವನ್ನು 1/60ಕ್ಕೋ 1/120ಕ್ಕೋ, ಸೆಕೆಂಡಿಗೆ 25 ಫ್ರೇಮ್ ಇದ್ದದ್ದನ್ನು 30ಕ್ಕೋ ಬದಲಿಸಿಕೊಳ್ಳಿ.

ಡ್ರೋನ್ ಮನೆಯಲ್ಲೇ ಇರಲಿ. ಕನ್ವೆನ್ಷನ್ ಸೆಂಟರ್ ಇರುವುದು ಡಿಸ್ನಿಲ್ಯಾಂಡ್ ಮಗ್ಗುಲಲ್ಲಿ; ಅದರ ಸುತ್ತ ಮೂರು ನಾಟಿಕಲ್ ಮೈಲಿ, ಅಂದರೆ ಸುಮಾರು ಐದೂವರೆ ಕಿಲೋಮೀಟರ್ ಆಕಾಶಕ್ಕೆ ಅಮೆರಿಕದ ವಿಮಾನಯಾನ ಇಲಾಖೆ ನಿರ್ಬಂಧ ಹಾಕಿದೆ.

ಹೊರಡುವ ದಿನ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಒಂದು ಗಂಟೆ ಬೇಗ ಹೋಗಿ, ಎರಡನೇ ಟರ್ಮಿನಲ್‌ನ ಕಸ್ಟಮ್ಸ್ ಅಧಿಕಾರಿಗಳ ಬಳಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್, ಅಂದರೆ ಈ ಸಾಮಾನು ಇಲ್ಲಿಂದಲೇ ಕೊಂಡೊಯ್ದದ್ದು ಎಂಬ ಪತ್ರ ಕೇಳಿ. ಕ್ಯಾಮೆರಾ, ಲೆನ್ಸ್‌ಗಳ ಸೀರಿಯಲ್ ನಂಬರ್ ಪಟ್ಟಿ ಮತ್ತು ಬಿಲ್ಲು ಜೊತೆಗಿರಲಿ. ಬ್ಯಾಗನ್ನು ಚೆಕ್-ಇನ್‌ಗೆ ಕೊಟ್ಟ ಮೇಲೆ ಲೆನ್ಸ್ ತೋರಿಸಲಾಗದು.

ಸಭಾಂಗಣದಲ್ಲಿ

ಒಳಗಿನ ಗದ್ದಲ ಅವರೆಬೇಳೆ ಮೇಳದ ಭಾನುವಾರದ ಸಂಜೆಯಂತೆ. ಕ್ಯಾಮೆರಾದ ಮೈಕ್ ನಂಬಬೇಡಿ, ಕಾಲರ್ ಮೈಕ್ ಬೇಕು. ಗೋಷ್ಠಿಗಳನ್ನು ಒಂದರ ಹಿಂದೊಂದು ಕೇಳುತ್ತಾ ಕೂರುವುದು ನನಗೆ ಸರಿ ಕಾಣುವುದಿಲ್ಲ. ದಿನಕ್ಕೆ ಎರಡು ಆರಿಸಿಕೊಂಡು ಉಳಿದ ಹೊತ್ತು ಮೊಗಸಾಲೆಯಲ್ಲಿ, ಕಾಫಿ ಸಾಲಿನಲ್ಲಿ ಕಳೆಯಿರಿ. 'ನಾನು ಫುಡ್ ವ್ಲಾಗರ್' ಎಂದರೆ ಯಾರೂ ತಿರುಗಿ ನೋಡುವುದಿಲ್ಲ, ಅಲ್ಲಿ ಬಂದವರಲ್ಲಿ ಬಹಳ ಮಂದಿ ಅದೇ. 'ಚಳಿಗಾಲ ಬಂದರೆ ಒಂದೇ ಒಂದು ಕಾಳಿನಿಂದ ಉಪ್ಪಿಟ್ಟು, ದೋಸೆ, ಹೋಳಿಗೆಯವರೆಗೆ ಎಲ್ಲವನ್ನೂ ಮಾಡುವ ಊರಿನವನು ನಾನು' ಎಂದರೆ ಎರಡನೇ ಪ್ರಶ್ನೆ ಬಂದೇ ಬರುತ್ತದೆ. ಆಗ ತೋರಿಸಲು ಇಂಗ್ಲಿಷ್ ಅಡಿಬರಹವಿರುವ ಒಂದು ನಿಮಿಷದ ವಿಡಿಯೊ ಮೊಬೈಲ್‌ನಲ್ಲಿ, ಚಾನೆಲ್‌ನ ಕ್ಯೂಆರ್ ಕೋಡ್ ಇರುವ ಕಾರ್ಡು ಜೇಬಿನಲ್ಲಿ ಇರಲಿ.

ಖಾಸಗಿ ಮಾತುಕತೆಯನ್ನು ಎಲ್ಲರ ಒಪ್ಪಿಗೆಯಿಲ್ಲದೆ ರೆಕಾರ್ಡ್ ಮಾಡುವುದು ಕ್ಯಾಲಿಫೋರ್ನಿಯಾದಲ್ಲಿ ಅಪರಾಧ. ಕೇಳಿಯೇ ಗುಂಡಿ ಒತ್ತಿ.

ನೇರಪ್ರಸಾರ ಮಾಡುವವರಿಗೆ ಗಡಿಯಾರ ಅನುಕೂಲಕರವಾಗಿಯೇ ಇದೆ. ಜೂನ್‌ನಲ್ಲಿ ಅಂತರ ಹನ್ನೆರಡೂವರೆ ಗಂಟೆ. ಅಲ್ಲಿ ಬೆಳಿಗ್ಗೆ 9 ಆದಾಗ ಇಲ್ಲಿ ರಾತ್ರಿ 9.30, ಊಟ ಮುಗಿಸಿ ಮೊಬೈಲ್ ಹಿಡಿಯುವ ಹೊತ್ತು. ಅಲ್ಲಿನ ರಾತ್ರಿ 8ಕ್ಕೆ ಮಾಡಿದರೆ ನಿಮ್ಮ ವೀಕ್ಷಕರು ಸಿಲ್ಕ್ ಬೋರ್ಡ್‌ನಲ್ಲಿ ಸಿಕ್ಕಿಕೊಂಡಿರುತ್ತಾರೆ.

ದಿನದ ಚಿತ್ರೀಕರಣವನ್ನು ಎರಡು ಡಿಸ್ಕ್‌ಗಳಿಗೆ ನಕಲು ಮಾಡಿ, ಬೇರೆ ಬೇರೆ ಚೀಲಗಳಲ್ಲಿಡಿ. ಪರಿಚಯವಾದವರಿಗೆ ವಾರದೊಳಗೆ ಇಮೇಲ್ ಬರೆಯಿರಿ. ಮರಳಿ ಬಂದಾಗ ಹಳೆಯ ಕ್ಯಾಮೆರಾಕ್ಕೆ ಸುಂಕ ಕೇಳಿದರೆ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ತೋರಿಸಿ. ಅಲ್ಲಿ ಕೊಂಡ ಹೊಸ ಲೆನ್ಸ್ ಸುಂಕವಿಲ್ಲದ ಮಿತಿಯ ಬೆಲೆ ಮೀರಿದ್ದರೆ ನೀವೇ ಕಸ್ಟಮ್ಸ್‌ನ ರೆಡ್ ಚಾನೆಲ್‌ಗೆ ಹೋಗಿ ಸುಂಕ ಕಟ್ಟಿ.