ಕೊಪ್ಪಳ ಸೀಮೆಯಲ್ಲಿ ಒಂದು ಖಾಸಗಿ ಬಸ್ಸು ನಡೆಸುವ ಬಗೆ

ಬಸ್ಸು ಕೊಳ್ಳುವ ಮೊದಲು ರೂಟು ಹುಡುಕಬೇಕು. ನಮ್ಮ ಕಡೆ ಬಹಳ ಮಂದಿ ಇದನ್ನು ತಲೆಕೆಳಗು ಮಾಡುತ್ತಾರೆ. ಒಳ್ಳೆ ಸೆಕೆಂಡ್‌ಹ್ಯಾಂಡ್ ಗಾಡಿ ಸಿಕ್ಕಿತೆಂದು ತಂದು ನಿಲ್ಲಿಸಿ, ಆಮೇಲೆ ಪರ್ಮಿಟ್ಟಿಗೆ ಅಲೆಯುತ್ತಾರೆ. ಅಷ್ಟರಲ್ಲಿ ಸಾಲದ ಕಂತು ಶುರುವಾಗಿರುತ್ತದೆ, ಬಸ್ಸು ಮಾತ್ರ ಹೊಲದ ಬದುವಿನಲ್ಲೇ ನಿಂತಿರುತ್ತದೆ.

ರೂಟು ಮತ್ತು ಪರ್ಮಿಟ್ಟು

2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂದ ಮೇಲೆ ಖಾಸಗಿ ಬಸ್ಸಿನ ಲೆಕ್ಕವೇ ಬೇರೆಯಾಗಿದೆ. ಕಲ್ಯಾಣ ಕರ್ನಾಟಕ ಸಾರಿಗೆಯ ಸಾಮಾನ್ಯ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ದುಡ್ಡಿಲ್ಲ. ಹೀಗಾಗಿ ಸರ್ಕಾರಿ ಬಸ್ಸು ಮೇಲಿಂದ ಮೇಲೆ ಓಡುವ ಕೊಪ್ಪಳ–ಹೊಸಪೇಟೆಯಂಥ ಹೆದ್ದಾರಿಯಲ್ಲಿ ಪೈಪೋಟಿಗೆ ಇಳಿಯುವುದರಲ್ಲಿ ಅರ್ಥವಿಲ್ಲ. ಖಾಸಗಿಯವರಿಗೆ ಉಳಿದಿರುವ ಜಾಗ ಹಳ್ಳಿಯಿಂದ ಹೋಬಳಿಗೆ, ಹೋಬಳಿಯಿಂದ ತಾಲೂಕಿಗೆ ಹೋಗುವ ಒಳದಾರಿಗಳಲ್ಲಿದೆ. ಹೊತ್ತುಗಳ ನಡುವಿನ ಖಾಲಿಯಲ್ಲೂ ಇದೆ: ನಸುಕಿನಲ್ಲಿ ತರಕಾರಿ, ಹೂವು ಹೊತ್ತು ಮಾರ್ಕೆಟ್ಟಿಗೆ ಹೋಗುವವರು, ಗಂಗಾವತಿ, ಕಾರಟಗಿ, ಸಿಂಧನೂರಿನ ಅಕ್ಕಿ ಮಿಲ್ಲುಗಳ ಪಾಳಿ ಮುಗಿಸಿ ರಾತ್ರಿ ಊರಿಗೆ ಮರಳುವವರು, ಕೊನೆಯ ಸರ್ಕಾರಿ ಬಸ್ಸು ತಪ್ಪಿದವರು. ಸಂತೆಯ ದಿನ, ಸಾದಾ ದಿನ, ಭತ್ತದ ಕೊಯ್ಲಿನ ದಿನ ಹೀಗೆ ಮೂರು ಬಗೆಯ ದಿನಗಳಲ್ಲಿ ಒಂದೊಂದು ಸ್ಟಾಪಿನಲ್ಲೂ ನಿಂತು, ಯಾವ ಹೊತ್ತಿಗೆ ಎಷ್ಟು ಜನ ಎಷ್ಟು ಹೊತ್ತು ಕಾಯುತ್ತಾರೆಂದು ಬರೆದುಕೊಳ್ಳಿ. ರೂಟಿನ ಬೆಲೆ ಗೊತ್ತಾಗುವುದು ಈ ಪಟ್ಟಿಯಿಂದಲೇ.

ಪರ್ಮಿಟ್ ಕೊಡುವುದು ಪ್ರಾದೇಶಿಕ ಸಾರಿಗೆ ಪ್ರಾಧಿಕಾರ. ಜಿಲ್ಲಾಧಿಕಾರಿ ಅದರ ಅಧ್ಯಕ್ಷರು, ಆರ್‌ಟಿಓ ಕಾರ್ಯದರ್ಶಿ. ಗಂಗಾವತಿಯಿಂದ ಸಿಂಧನೂರಿಗೆ ಹೊರಟರೆ ಕೊಪ್ಪಳ ಜಿಲ್ಲೆ ದಾಟಿ ರಾಯಚೂರು ಜಿಲ್ಲೆ ಸೇರುತ್ತೀರಿ. ಕಂಪ್ಲಿಗೆ ಹೊರಟರೆ ತುಂಗಭದ್ರಾ ಹೊಳೆಯಾಚೆ ಬಳ್ಳಾರಿ ಜಿಲ್ಲೆ. ಎರಡು ಜಿಲ್ಲೆ ಮುಟ್ಟುವ ರೂಟಿನಲ್ಲಿ ಹೆಚ್ಚು ದೂರ ಯಾವ ಜಿಲ್ಲೆಯಲ್ಲಿದೆಯೋ ಆ ಪ್ರಾಧಿಕಾರಕ್ಕೆ ಅರ್ಜಿ ಹಾಕಬೇಕು, ಇನ್ನೊಂದರಿಂದ ಮೇಲುರುಜು ಪಡೆಯಬೇಕು. ಅರ್ಜಿಯೊಂದಿಗೆ ರೂಟಿನ ನಕ್ಷೆ, ಸ್ಟೇಜುವಾರು ದೂರ, ಟೈಮಿಂಗ್ ಪಟ್ಟಿ ಕೊಡಬೇಕಾಗುತ್ತದೆ. ಅರ್ಜಿ ಸಾಮಾನ್ಯವಾಗಿ ಬಿದ್ದುಹೋಗುವುದು ಒಂದೇ ಕಡೆ, ರಾಷ್ಟ್ರೀಕರಣದ ಸ್ಕೀಮಿನಲ್ಲಿ, ಅಂದರೆ ಕೆಲವು ರಸ್ತೆಗಳನ್ನು ಸರ್ಕಾರಿ ಬಸ್ಸಿಗೆಂದು ಮೀಸಲಿಟ್ಟ ಯೋಜನೆಯಲ್ಲಿ. ನಿಮ್ಮ ರೂಟು ಸ್ಕೀಮಿಗೆ ಸೇರಿದ ರಸ್ತೆಯ ಮೇಲೆ ಎಷ್ಟು ದೂರ ಹಾಯುತ್ತದೆ ಎಂಬುದನ್ನು ಅಧಿಸೂಚನೆ ಮುಂದಿಟ್ಟುಕೊಂಡು ಊರಿಂದೂರಿಗೆ ನೋಡಿ. ಸರ್ಕಾರಿ ಸಾರಿಗೆ ನಿಗಮದವರು ತಕರಾರು ಹಾಕುವುದು ಇದೇ ಅಂಶದ ಮೇಲೆ, ಮತ್ತು ಅದಕ್ಕೆ ಪ್ರಾಧಿಕಾರದ ಸಭೆಯಲ್ಲಿ ಬಾಯಿಮಾತಿನ ಉತ್ತರ ಸಾಲುವುದಿಲ್ಲ. ಅರ್ಜಿ ತಿರಸ್ಕಾರವಾದರೆ ಬೆಂಗಳೂರಿನ ರಾಜ್ಯ ಸಾರಿಗೆ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು.

ಪರ್ಮಿಟ್ಟಿನ ಅವಧಿ 5 ವರ್ಷ. ಮುಗಿಯುವ ದಿನಕ್ಕೆ ಕನಿಷ್ಠ 15 ದಿನ ಮೊದಲು ನವೀಕರಣದ ಅರ್ಜಿ ಸಲ್ಲಿಸಬೇಕು. ಎರಡು ತಿಂಗಳು ಮೊದಲೇ ಸಲ್ಲಿಸುವುದು ಜಾಣತನ. ಪರ್ಮಿಟ್ ಮನೆಯ ಹಿರಿಯರ ಹೆಸರಿನಲ್ಲಿದ್ದು ಅವರು ತೀರಿಕೊಂಡರೆ, ಗಾಡಿ ಯಾರ ಕೈಗೆ ಬರುತ್ತದೋ ಅವರು 30 ದಿನದೊಳಗೆ ಪ್ರಾಧಿಕಾರಕ್ಕೆ ತಿಳಿಸಬೇಕು, 3 ತಿಂಗಳೊಳಗೆ ತಮ್ಮ ಹೆಸರಿಗೆ ವರ್ಗಾವಣೆ ಕೇಳಬೇಕು. ದುಃಖದ ಮನೆಯಲ್ಲಿ ಇದು ಮರೆತುಹೋಗಿ ಹಳೆಯ ರೂಟುಗಳು ಕೈಬಿಟ್ಟುಹೋಗುತ್ತವೆ.

ಮದುವೆ, ಪ್ರವಾಸಕ್ಕೆಂದು ಪಡೆದ ಕಾಂಟ್ರಾಕ್ಟ್ ಕ್ಯಾರೇಜ್ ಪರ್ಮಿಟ್ಟಿನಲ್ಲಿ ದಾರಿಯುದ್ದಕ್ಕೂ ಜನರನ್ನು ಹತ್ತಿಸಿ ಇಳಿಸಬೇಡಿ. ಆ ಗಾಡಿ ಅಪಘಾತಕ್ಕೆ ಸಿಕ್ಕರೆ ವಿಮೆ ಕಂಪನಿ ಮೊದಲು ಕೇಳುವುದೇ ಪರ್ಮಿಟ್ಟು. ಪರಿಹಾರ ಮಾಲೀಕನ ಹೊಲ ಮನೆಯ ಮೇಲೆ ಬಂದು ಕೂರಬಹುದು.

ಟೈಮಿಂಗ್

ಖಾಸಗಿ ಬಸ್ಸು ಬದುಕುವುದು ಟೈಮಿನ ಮೇಲೆ. ಆರೂಕಾಲಿನ ಬಸ್ಸು ಆರೂಕಾಲಿಗೇ ಬರುತ್ತದೆ ಎಂಬ ನಂಬಿಕೆ ಹಳ್ಳಿಯಲ್ಲಿ ಕೂತುಬಿಟ್ಟರೆ ಜನ ಬೇರೆ ಗಾಡಿ ನೋಡುವುದಿಲ್ಲ. ಎರಡು ಸಲ ಕೈಕೊಟ್ಟರೆ ಮೂರನೇ ದಿನ ಅವರು ಟಂಟಂ (ಶೇರ್ ಆಟೋ) ಹತ್ತಿರುತ್ತಾರೆ.

50 ಕಿ.ಮೀ. ರೂಟು, ನಡುವೆ 14 ಸ್ಟಾಪು ಎಂದಿಟ್ಟುಕೊಳ್ಳಿ. ಹಳ್ಳಿ ರಸ್ತೆ, ಹಂಪು, ಟ್ರ್ಯಾಕ್ಟರು ಎಲ್ಲ ಸೇರಿ ಸರಾಸರಿ ವೇಗ ಗಂಟೆಗೆ 33 ಕಿ.ಮೀ. ದಾಟುವುದಿಲ್ಲ, ಅಂದರೆ ಒಂದು ಸಿಂಗಲ್ಲಿಗೆ (ಒಂದು ತುದಿಯಿಂದ ಇನ್ನೊಂದಕ್ಕೆ ಒಂದು ಓಟ) ಒಂದೂವರೆ ಗಂಟೆ ಬೇಕು. ಕಾಗದದ ಮೇಲೆ ಒಂದು ಗಂಟೆ ಹತ್ತು ನಿಮಿಷ ಎಂದು ಬರೆದು ಒಂದು ಟ್ರಿಪ್ ಹೆಚ್ಚು ತುರುಕಿದರೆ, ಆ ಇಪ್ಪತ್ತು ನಿಮಿಷವನ್ನು ಡ್ರೈವರ್ ಆಕ್ಸಿಲರೇಟರಿನಿಂದ ವಸೂಲಿ ಮಾಡುತ್ತಾನೆ. ಮುಂದಿನ ಬಸ್ಸಿನ ಜನರನ್ನು ಕಿತ್ತುಕೊಳ್ಳಲು ಓಡುವ ರೇಸು ಹುಟ್ಟುವುದೂ ಇಲ್ಲೇ. ಎರಡೂ ತುದಿಯಲ್ಲಿ ಕನಿಷ್ಠ 15 ನಿಮಿಷ ಬಿಡುವು ಇಡಿ. ತಡವಾದ ಟ್ರಿಪ್ಪು ಆ ಬಿಡುವಿನಲ್ಲಿ ಸರಿಹೋಗಿ, ಮುಂದಿನ ಟ್ರಿಪ್ಪಿಗೆ ದಾಟುವುದಿಲ್ಲ.

ದಿನಕ್ಕೆ ಆರು ಸಿಂಗಲ್ ಓಡಿಸಿದರೆ ಸ್ಟೇರಿಂಗ್ ಮೇಲೆಯೇ 9 ಗಂಟೆ ಆಗುತ್ತದೆ. ಡ್ರೈವರಿಗೆ ಕಾನೂನಿನ ಮಿತಿ ದಿನಕ್ಕೆ 8 ಗಂಟೆ, ವಾರಕ್ಕೆ 48. ಸತತ 5 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ, ನಡುವೆ ಅರ್ಧ ಗಂಟೆ ವಿಶ್ರಾಂತಿ ಕೊಡಬೇಕು. ಆದ್ದರಿಂದ ಈ ಶೆಡ್ಯೂಲಿಗೆ ಇಬ್ಬರು ಡ್ರೈವರ್ ಬೇಕೇ ಬೇಕು: ಒಬ್ಬರು ಮುಂಜಾನೆಯ ಮೂರು ಸಿಂಗಲ್, ಇನ್ನೊಬ್ಬರು ಮಧ್ಯಾಹ್ನದ ಮೂರು. ಒಬ್ಬನಿಂದಲೇ ಮಾಡಿಸಿ ಬಾಟಾ (ದಿನಭತ್ಯೆ) ಹೆಚ್ಚಿಸಿದರೆ ನಿದ್ದೆಯ ಕೊರತೆ ಹೋಗುವುದಿಲ್ಲ.

ಕಂಪ್ಲಿ ದಾರಿಯ ಬಸ್ಸಿನವರು ಮಳೆಗಾಲದಲ್ಲಿ ತುಂಗಭದ್ರಾ ಡ್ಯಾಮಿನ ಹೊರಹರಿವನ್ನು ದಿನವೂ ಕೇಳಿಕೊಳ್ಳಬೇಕು. ಹೊಳೆಗೆ ನೀರು ಹೆಚ್ಚು ಬಿಟ್ಟಾಗ ಕಂಪ್ಲಿ ಸೇತುವೆಯ ಮೇಲೆ ಸಂಚಾರ ನಿಲ್ಲಿಸುತ್ತಾರೆ. ಅಂಥ ದಿನ ಬಸ್ಸು ಎಲ್ಲಿವರೆಗೆ ಹೋಗುತ್ತದೆ ಎಂಬುದನ್ನು ಹಿಂದಿನ ಸಂಜೆಯೇ ಸ್ಟಾಪುಗಳ ಅಂಗಡಿಯವರಿಗೆ ಫೋನ್ ಮಾಡಿ ಹೇಳಿಬಿಡಿ.

ಕಿಲೋಮೀಟರಿನ ಲೆಕ್ಕ

ಮೇಲಿನ ರೂಟನ್ನೇ ಹಿಡಿಯೋಣ: ದಿನಕ್ಕೆ 300 ಕಿ.ಮೀ. ಬೆಲೆಗಳನ್ನು ನಿಮ್ಮ ಊರಿನ ಇಂದಿನ ದರಕ್ಕೆ ಬದಲಿಸಿಕೊಳ್ಳಿ, ಲೆಕ್ಕದ ರೀತಿ ಮಾತ್ರ ಇದೇ. ಲೀಟರಿಗೆ 5 ಕಿ.ಮೀ. ಕೊಡುವ ಗಾಡಿಗೆ 60 ಲೀಟರ್ ಡೀಸೆಲ್. 90 ರೂಪಾಯಿಯಂತೆ 5,400. ಬಿಎಸ್ 6 ಗಾಡಿಗೆ (ಹೊಸ ಹೊಗೆ ನಿಯಮದ ಗಾಡಿ) ಡೀಸೆಲ್ಲಿನ ಸುಮಾರು 5 ಶೇಕಡಾ ಡಿಇಎಫ್ (ಹೊಗೆ ಶುದ್ಧಮಾಡುವ ಯೂರಿಯಾ ದ್ರಾವಣ), ಅಂದರೆ 3 ಲೀಟರ್, 200 ರೂಪಾಯಿ. ಡ್ರೈವರ್, ಕಂಡಕ್ಟರುಗಳ ಸಂಬಳ, ಬಾಟಾ 2,800. ಟೈರಿಗೆ ಕಿ.ಮೀ.ಗೆ 2 ರೂಪಾಯಿ, ರಿಪೇರಿಗೆ 3 ರೂಪಾಯಿ ಎತ್ತಿಟ್ಟರೆ 1,500. ತೆರಿಗೆ, ವಿಮೆ, ಎಫ್‌ಸಿ (ಗಾಡಿ ಓಡಲು ಯೋಗ್ಯ ಎಂಬ ಪ್ರಮಾಣಪತ್ರ), ಪರ್ಮಿಟ್ ಖರ್ಚನ್ನು ದಿನಕ್ಕೆ ಹಂಚಿ 1,000. ಸಾಲದ ಕಂತು 1,800. ಒಟ್ಟು 12,700, ಕಿ.ಮೀ.ಗೆ ಸುಮಾರು 42 ರೂಪಾಯಿ, ಸಿಂಗಲ್ಲಿಗೆ ಸುಮಾರು 2,120.

ಕಲೆಕ್ಷನ್ ಕಡಿಮೆಯ ಟ್ರಿಪ್ಪನ್ನು ನಿಲ್ಲಿಸಬೇಕೋ ಬೇಡವೋ ಎಂಬುದಕ್ಕೆ ಮಾತ್ರ ಈ 2,120 ಅಳತೆಯಲ್ಲ. ಸಂಬಳ, ಕಂತು, ತೆರಿಗೆ ಬಸ್ಸು ನಿಂತರೂ ಕೊಡಬೇಕಾದ ದುಡ್ಡು. ಓಡಿದ್ದಕ್ಕೇ ತಗಲುವುದು ಡೀಸೆಲ್, ಡಿಇಎಫ್, ಟೈರು, ರಿಪೇರಿ ಸೇರಿ ಸಿಂಗಲ್ಲಿಗೆ ಸುಮಾರು 1,185. ಮಧ್ಯಾಹ್ನದ ಟ್ರಿಪ್ಪು 1,400 ತಂದರೂ ಅದು ಕಂತಿಗೆ ಇನ್ನೂರು ಸೇರಿಸಿದಂತೆಯೇ, ಓಡಲಿ. 900 ಮಾತ್ರ ತರುತ್ತಿದ್ದರೆ ಟೈಮು ಬದಲಿಸಲು ಅರ್ಜಿ ಹಾಕಿ. ರಿಪೇರಿಗೆಂದು ಎತ್ತಿಟ್ಟ ದುಡ್ಡನ್ನು ಬೇರೆ ಖಾತೆಯಲ್ಲೇ ಇಡಿ. ಮೊದಲ ವರ್ಷ ಲಾಭದಂತೆ ಕಂಡದ್ದು ಎರಡನೇ ವರ್ಷ ಆರು ಟೈರು ಒಟ್ಟಿಗೆ ಸವೆದಾಗ ಸಾಲವಾಗುವುದು ಈ ಎಚ್ಚರ ತಪ್ಪಿದ್ದಕ್ಕೆ.

ಕಂಡಕ್ಟರಿಗೆ ಟಿಕೆಟ್ ಮಷಿನ್ ಕೊಡಿ, ಪ್ರತಿ ಸಿಂಗಲ್ಲಿನ ಕೊನೆಗೆ ಆರಂಭದ ಮತ್ತು ಮುಕ್ತಾಯದ ಟಿಕೆಟ್ ನಂಬರನ್ನು ವೇ ಬಿಲ್ಲಿನಲ್ಲಿ (ಟ್ರಿಪ್ಪುವಾರು ಟಿಕೆಟ್ ಲೆಕ್ಕದ ಹಾಳೆ) ಬರೆಸಿ. ಸೋರಿಕೆ ಜನರ ಟಿಕೆಟ್ಟಿಗಿಂತ ಲಗೇಜಿನಲ್ಲಿ ಹೆಚ್ಚು. ಮೂಟೆಗೆ, ಡಬ್ಬಕ್ಕೆ, ಪಾರ್ಸಲ್ಲಿಗೆ ದರ ಗೊತ್ತುಮಾಡಿ ಬಾಗಿಲ ಬಳಿ ಬರೆದು ಹಾಕಿ, ಅದಕ್ಕೂ ಟಿಕೆಟ್ ಹರಿಸಿ. ಫೋನ್‌ಪೇ ಕ್ಯೂಆರ್ ಮಾಲೀಕರ ಖಾತೆಯದಾಗಿರಲಿ. ಮುಂಜಾನೆಯ ಚೀಲದಲ್ಲಿ ಹತ್ತು, ಇಪ್ಪತ್ತರ ನೋಟು, ನಾಣ್ಯ ಸೇರಿ 500 ರೂಪಾಯಿ ಚಿಲ್ಲರೆ ಇರಬೇಕು. ಚಿಲ್ಲರೆ ಜಗಳದಲ್ಲಿ ಒಂದೊಂದು ಸ್ಟಾಪಿನಲ್ಲೂ ಅರ್ಧ ನಿಮಿಷ ಹೋಗುತ್ತದೆ. ಕಂಡಕ್ಟರಿಗೂ ಲೈಸೆನ್ಸ್ ಬೇಕೆಂಬುದನ್ನು ಮರೆಯಬೇಡಿ.

ಗಾಡಿ

ನಸುಕಿನಲ್ಲಿ ಹೊರಡುವ ಮೊದಲು ಡ್ರೈವರಿಗೆ ಇಪ್ಪತ್ತು ನಿಮಿಷ ಬೇಕು. ಏರ್ ಟ್ಯಾಂಕುಗಳ ನೀರು ಬಸಿಯಲಿ. ಎಂಜಿನ್ ಚಾಲೂ ಮಾಡಿ ಗಾಳಿಯ ಒತ್ತಡ 7 ಬಾರ್ ದಾಟುವವರೆಗೆ ಗಾಡಿ ಕದಲಿಸಬಾರದು. ಆಮೇಲೆ ಎಂಜಿನ್ ಆರಿಸಿ, ಬ್ರೇಕ್ ಪೆಡಲ್ ಪೂರ್ತಿ ಒತ್ತಿ ಒಂದು ನಿಮಿಷ ಹಿಡಿಯಬೇಕು. ಒತ್ತಿದ ಕ್ಷಣದ ಮೊದಲ ಇಳಿತದ ಬಳಿಕ ಮುಳ್ಳು 0.2 ಬಾರಿಗಿಂತ ಹೆಚ್ಚು ಕೆಳಗೆ ಸರಿದರೆ ಎಲ್ಲೋ ಗಾಳಿ ಸೋರುತ್ತಿದೆ. ಸಾಬೂನು ನೀರು ಹಚ್ಚಿ ಬ್ರೇಕ್ ಚೇಂಬರ್, ಹೋಸ್ ಜೋಡಣೆಗಳನ್ನು ನೋಡಿ. ಟೈರಿನ ಗಾಳಿ ತಣ್ಣಗಿದ್ದಾಗಲೇ ಅಳೆಯಬೇಕು. ಮೇ ತಿಂಗಳ ರಾಯಚೂರಿನ ಬಿಸಿಲಲ್ಲಿ ಓಡಿ ಬಂದ ಟೈರಿನಲ್ಲಿ ಒತ್ತಡ ಏರಿರುವುದು ಸಹಜ. ಅದನ್ನು ಬಿಟ್ಟು ಇಳಿಸಿದರೆ ಸಂಜೆ ಕಡಿಮೆ ಗಾಳಿಯಲ್ಲಿ ಓಡಿ, ಪಕ್ಕೆ ಬಿಸಿಯಾಗಿ ಟೈರು ಸಿಡಿಯುತ್ತದೆ. ಹಿಂದಿನ ಜೋಡಿ ಟೈರುಗಳ ನಡುವೆ ಸಿಕ್ಕಿದ ಕಲ್ಲು ತೆಗೆಯಿರಿ. ಒಳಗಿನ ಟೈರು ಪಂಕ್ಚರ್ ಆದದ್ದು ಕಣ್ಣಿಗೆ ಕಾಣುವುದಿಲ್ಲ, ರಾಡಿನಿಂದ ಬಡಿದು ಸದ್ದು ಕೇಳಬೇಕು. ರಿಟ್ರೆಡ್ ಮಾಡಿದ ಟೈರು ಹಿಂದಕ್ಕೆ ಮಾತ್ರ, ಮುಂದಿನ ಚಕ್ರಕ್ಕೆ ಎಂದೂ ಬೇಡ. ಚಕ್ರ ಬಿಚ್ಚಿ ಹಾಕಿದ ಮೇಲೆ 50ರಿಂದ 100 ಕಿ.ಮೀ. ಓಡಿದ ನಂತರ ನಟ್ಟುಗಳನ್ನು ಮತ್ತೊಮ್ಮೆ ಬಿಗಿಮಾಡಿ.

ಈ ಸೀಮೆಗೇ ಸೇರಿದ ಕೆಲವು ತೊಂದರೆಗಳಿವೆ. ಭತ್ತದ ಹೊಟ್ಟು, ಹತ್ತಿಯ ಎಳೆ, ಎರೆಮಣ್ಣಿನ ಧೂಳು ರೇಡಿಯೇಟರ್ ಜಾಲರಿಯಲ್ಲಿ ತುಂಬಿ ಎಂಜಿನ್ ಕಾಯುತ್ತದೆ. ಕೊಯ್ಲಿನ ತಿಂಗಳುಗಳಲ್ಲಿ ವಾರಕ್ಕೊಮ್ಮೆ ಒಳಗಿನಿಂದ ಹೊರಗೆ ಹಗುರಾಗಿ ಗಾಳಿ ಹೊಡೆಸಿ, ಏರ್ ಫಿಲ್ಟರನ್ನೂ ಅಷ್ಟೇ ಬೇಗ ನೋಡಿ. ರಸ್ತೆಯ ಮೇಲೆ ಒಣಗಲು ಹರಡಿದ ಹುಲ್ಲು ಪ್ರೊಪೆಲ್ಲರ್ ಶಾಫ್ಟಿಗೆ ಸುತ್ತಿಕೊಂಡು, ಬಿಸಿಯಾದ ಸೈಲೆನ್ಸರ್ ತಗುಲಿ ಹೊತ್ತಿಕೊಳ್ಳಬಹುದು. ಹುಲ್ಲಿನ ಮೇಲೆ ಹಾಯ್ದಿದ್ದರೆ ಮುಂದಿನ ಸ್ಟಾಪಿನಲ್ಲಿ ಇಳಿದು ಗಾಡಿಯ ಕೆಳಗೆ ನೋಡಲೇಬೇಕು. ಬಿಎಸ್ 6 ಗಾಡಿ ಹಳ್ಳಿ ರಸ್ತೆಯಲ್ಲಿ ನಿಂತು ನಿಂತು ಓಡಿದಾಗ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ತಾನಾಗಿ ಸ್ವಚ್ಛವಾಗದೆ ಮಸಿ ಕಟ್ಟುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ದೀಪ ಬಂದ ದಿನವೇ ನಿಲ್ಲಿಸಿ ರೀಜನರೇಷನ್ (ಆ ಮಸಿಯನ್ನು ಸುಟ್ಟು ತೆಗೆಯುವುದು) ಮಾಡಿಸಿ. ಮುಂದೂಡಿದರೆ ಗಾಡಿ ಶಕ್ತಿ ಕಳೆದುಕೊಂಡು ದಾರಿಯಲ್ಲೇ ಕೂರುತ್ತದೆ. ರೀಜನರೇಷನ್ ವೇಳೆ ಹೊಗೆಕೊಳವೆ ವಿಪರೀತ ಕಾಯುವುದರಿಂದ ಕೆಳಗೆ ಒಣಹುಲ್ಲು ಇರದ ಜಾಗ ನೋಡಿ ನಿಲ್ಲಿಸಬೇಕು. ಡಿಇಎಫ್ ಡಬ್ಬಗಳನ್ನು ತಗಡಿನ ಶೆಡ್ಡಿನಲ್ಲಿ ಇಡಬೇಡಿ, ಬಿಸಿಗೆ ಬೇಗ ಕೆಡುತ್ತದೆ. ಯೂರಿಯಾ ಪ್ರಮಾಣ 32.5 ಶೇಕಡಾ ಇರಬೇಕು. ನೀರು ಬೆರೆಸಿದ ಮಾಲು ಹಾಕಿದರೆ ಸೆನ್ಸರ್ ಹಿಡಿದು ಎಂಜಿನ್ನಿನ ಶಕ್ತಿ ಕಡಿತವಾಗುತ್ತದೆ.

ಮೊದಲ ಮಳೆಯ ದಿನ, ಟ್ರ್ಯಾಕ್ಟರಿನ ಗಾಲಿ ಗದ್ದೆಯಿಂದ ತಂದು ಬಿಟ್ಟ ಎರೆಮಣ್ಣು ಡಾಂಬರಿನ ಮೇಲೆ ಎಣ್ಣೆಯಂತೆ ಜಾರುತ್ತದೆ. ಅಂದು ಹತ್ತು ನಿಮಿಷ ತಡವಾದರೆ ಕೇಳುವುದಿಲ್ಲ ಎಂದು ಮಾಲೀಕರೇ ಡ್ರೈವರಿಗೆ ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ ಆತ ಟೈಮಿನ ಹೆದರಿಕೆಗೇ ಓಡಿಸುತ್ತಾನೆ.

ಎಫ್‌ಸಿ: ಹೊಸ ಗಾಡಿಗೆ ಮೊದಲು 2 ವರ್ಷ, 8 ವರ್ಷ ತುಂಬುವವರೆಗೆ 2 ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ತುರ್ತು ಬಾಗಿಲು ತೆರೆಯದಿರುವುದು, ವೇಗ ನಿಯಂತ್ರಕ, ಜಿಪಿಎಸ್ ಸಾಧನ, ಪ್ಯಾನಿಕ್ ಬಟನ್ ಕೆಟ್ಟಿರುವುದು ಎಫ್‌ಸಿಯಲ್ಲಿ ಸಿಕ್ಕಿಹಾಕಿಕೊಳ್ಳುವ ಮಾಮೂಲು ಕಾರಣಗಳು. ತುರ್ತು ಬಾಗಿಲನ್ನು ಎಫ್‌ಸಿಗಾಗಿ ಅಲ್ಲ, ಒಳಗೆ ಕೂತ ಜನರಿಗಾಗಿ ವಾರಕ್ಕೊಮ್ಮೆ ತೆರೆದು ನೋಡಿ, ಅದರ ಮುಂದೆ ಮೂಟೆ ಒಟ್ಟಲು ಬಿಡಬೇಡಿ.

ಜಾತ್ರೆ

ಗವಿಮಠದ ಜಾತ್ರೆ, ಹುಲಿಗಿಯ ಹುಣ್ಣಿಮೆ, ಅಂಜನಾದ್ರಿಯ ಹನುಮಮಾಲೆಗೆ ರೂಟು ಬಿಟ್ಟು ಓಡಿಸಲು ತಾತ್ಕಾಲಿಕ ಪರ್ಮಿಟ್ ಬೇಕು. ಮೋಟಾರು ವಾಹನ ಕಾಯ್ದೆಯ 87ನೇ ಕಲಂ ಜಾತ್ರೆಗಳಿಗೆಂದೇ ಇದಕ್ಕೆ ಅವಕಾಶ ಕೊಟ್ಟಿದೆ. ಒಂದೇ ಬಸ್ಸಿದ್ದವರು ಮಾತ್ರ ಯೋಚಿಸಬೇಕು. ಜಾತ್ರೆಯ ಕಲೆಕ್ಷನ್ ನಾಲ್ಕು ದಿನದ್ದು, ಆ ನಾಲ್ಕು ದಿನ ಕಾಲೇಜಿನ ಹುಡುಗರನ್ನು ರಸ್ತೆಯಲ್ಲಿ ನಿಲ್ಲಿಸಿದರೆ ಅವರು ಮತ್ತೆ ಬರುತ್ತಾರೆಂಬ ಭರವಸೆಯಿಲ್ಲ. ಬೆಳಗಿನ ಮತ್ತು ಸಂಜೆಯ ಟ್ರಿಪ್ಪು ಉಳಿಸಿಕೊಂಡು ನಡುವಿನ ಹೊತ್ತಿಗೆ ಮಾತ್ರ ಕೇಳಿ.

ಅಪಘಾತವಾದರೆ

ಡ್ರೈವರ್, ಕಂಡಕ್ಟರ್ ಇಬ್ಬರಿಗೂ ಇದನ್ನು ಮೊದಲೇ ಕಲಿಸಿರಬೇಕು. ಗಾಡಿ ಬಿಟ್ಟು ಓಡಬಾರದು. ಜನ ಮೇಲೆ ಬೀಳುವ ಭಯವಿದ್ದರೆ ನೇರ ಹತ್ತಿರದ ಠಾಣೆಗೆ ಹೋಗಲಿ. ಕಂಡಕ್ಟರ್ 108ಕ್ಕೆ ಫೋನ್ ಮಾಡಿ, ಗಾಯಾಳುಗಳನ್ನು ಸಾಗಿಸುವುದೇ ಮೊದಲ ಕೆಲಸ. ಪೊಲೀಸರಿಗೆ ತಕ್ಷಣ, ತಡವಾದರೂ 24 ಗಂಟೆಯೊಳಗೆ ತಿಳಿಸಬೇಕು. ವಿಮೆ ಕಂಪನಿಗೆ ಪಾಲಿಸಿ ನಂಬರ್, ಸ್ಥಳ, ಸಮಯ, ಗಾಯಾಳುಗಳ ವಿವರ, ಡ್ರೈವರಿನ ಲೈಸೆನ್ಸ್ ವಿವರವನ್ನು ಬರಹದಲ್ಲಿ ಕೊಡಬೇಕು. ಆರ್‌ಸಿ, ಪರ್ಮಿಟ್, ಎಫ್‌ಸಿ, ವಿಮೆ, ತೆರಿಗೆ ರಸೀದಿಗಳ ಒಂದು ಪ್ರತಿ ಬಸ್ಸಿನಲ್ಲಿ, ಇನ್ನೊಂದು ಮನೆಯಲ್ಲಿ, ಮೂರನೆಯದು ಕಂಡಕ್ಟರಿನ ಮೊಬೈಲಿನಲ್ಲಿರಲಿ. ಅಂದಿನ ವೇ ಬಿಲ್ಲನ್ನು ಜೋಪಾನ ಮಾಡಿ, ಬಸ್ಸಿನಲ್ಲಿ ಎಷ್ಟು ಜನ ಯಾವ ಸ್ಟೇಜಿನಿಂದ ಹತ್ತಿದ್ದರು ಎಂಬುದಕ್ಕೆ ಪರಿಹಾರದ ಪ್ರಕರಣದಲ್ಲಿ ಅದೇ ಆಧಾರ.