ಅಂಟು ಹುಕ್ ತೆಗೆಯುವಾಗ ಬಣ್ಣ ಕಿತ್ತು ಬಾರದಂತೆ ನೋಡಿಕೊಳ್ಳುವುದು ಹೇಗೆ?

ಅಂಟಿಸಿದ ಹುಕ್ಕನ್ನು ಎಳೆದಾಗ ಅದರ ಬೆನ್ನಿಗೆ ಬಣ್ಣದ ಚಕ್ಕೆ ಬಂದಿದ್ದರೆ, ಆ ಚಕ್ಕೆಯನ್ನು ತಿರುಗಿಸಿ ಬೆರಳಾಡಿಸಿ ನೋಡಿ. ಬೆರಳಿಗೆ ಬಿಳಿ ಪುಡಿ ಹತ್ತುತ್ತದೆ. ಅದು ಪುಟ್ಟಿ, ಬಣ್ಣ ಹೊಡೆಯುವ ಮೊದಲು ಗೋಡೆ ನುಣುಪಾಗಲೆಂದು ಮೆತ್ತುವ ಪದರ. ಅಂಟು ಬಣ್ಣವನ್ನು ಬಿಡಲಿಲ್ಲ, ಬಣ್ಣ ಪುಟ್ಟಿಯನ್ನು ಬಿಡಲಿಲ್ಲ, ನಡುವೆ ಪುಟ್ಟಿಯೇ ಸೀಳಿಕೊಂಡಿತು. ಒಳಗೋಡೆಗಳಲ್ಲಿ ಬಹಳ ಸಲ ಸೋಲುವುದು ಈ ಪದರವೇ. ಹಾಗಾಗಿ ಹುಕ್ಕನ್ನು ನಮ್ಮ ಕಡೆಗೆ ಎಳೆಯುವ, ಕೆಳಗೆ ಸ್ಕ್ರೂಡ್ರೈವರ್ ತೂರಿಸಿ ಮೀಟುವ ದಾರಿಗಳೆಲ್ಲ ತಪ್ಪು. ಅಂಟನ್ನು ಮೆತ್ತಗೆ ಮಾಡಬೇಕು, ಇಲ್ಲವೇ ಅಂಟಿನ ನಡುವೆಯೇ ಕೊಯ್ಯಬೇಕು.

ಹುಕ್ ಮುಟ್ಟುವ ಮೊದಲು ಗೋಡೆ ಯಾವುದೆಂದು ತಿಳಿಯಿರಿ. ಮೂಲೆಯಲ್ಲೊಂದು ಕಡೆ ಒದ್ದೆ ಬಿಳಿ ಬಟ್ಟೆಯಿಂದ ಹತ್ತು ಸಲ ಉಜ್ಜಿ. ಬಟ್ಟೆಗೆ ಬಣ್ಣ ಹತ್ತಿದರೆ ಡಿಸ್ಟೆಂಪರ್ ಅಥವಾ ಸುಣ್ಣ. ಹತ್ತದಿದ್ದರೆ ಎಮಲ್ಷನ್ (ನೀರು ಬೆರೆಸಿ ಹೊಡೆಯುವ ಪ್ಲಾಸ್ಟಿಕ್ ಪೇಂಟ್) ಇಲ್ಲವೇ ಆಯಿಲ್ ಪೇಂಟ್. ಡಿಸ್ಟೆಂಪರ್ ಗೋಡೆಯಲ್ಲಿ ಎಷ್ಟೇ ಜಾಗ್ರತೆ ವಹಿಸಿದರೂ ಸ್ವಲ್ಪ ಕಲೆ ಉಳಿಯುತ್ತದೆ, ಅದಕ್ಕೆ ಮನಸ್ಸು ಸಿದ್ಧವಿರಲಿ. ಬಚ್ಚಲುಮನೆಗೆ ಹೊಂದಿಕೊಂಡ ಗೋಡೆ, ಮಳೆಗಾಲದಲ್ಲಿ ತೇವ ಹಿಡಿದ ಗೋಡೆ ಇನ್ನೂ ನಾಜೂಕು. ತೇವ ಕುಡಿದ ಪುಟ್ಟಿ ಬೇಗ ಕಳಚುತ್ತದೆ. ಕಾಯಲು ಸಾಧ್ಯವಿದ್ದರೆ ಗೋಡೆ ಒಣಗುವವರೆಗೆ ಹುಕ್ಕನ್ನು ಹಾಗೇ ಬಿಡಿ.

ಹುಕ್ ಅಂಟಿಸಿದ ಮೇಲೆ ಗೋಡೆಗೆ ಮತ್ತೆ ಬಣ್ಣ ಹೊಡೆದಿದ್ದರೆ ಇನ್ನೊಂದು ಕೆಲಸವಿದೆ. ಹೊಸ ಬಣ್ಣ ಹುಕ್ಕಿನ ಅಂಚನ್ನೂ ಗೋಡೆಯನ್ನೂ ಸೇರಿಸಿ ಒಂದೇ ಹಾಳೆಯಾಗಿರುತ್ತದೆ. ಹುಕ್ ಬಂದಾಗ ಆ ಹಾಳೆ ಉದ್ದಕ್ಕೂ ಸುಲಿದು ಬರುತ್ತದೆ. ಹೊಸ ಕಟರ್ ಬ್ಲೇಡಿನಿಂದ ಹುಕ್ಕಿನ ಸುತ್ತ, ಬಣ್ಣದ ಪದರದಷ್ಟೇ ಆಳಕ್ಕೆ ಗೆರೆ ಕೊಯ್ದು ಬಿಡಿಸಿಕೊಳ್ಳಿ.

ಕೆಳಗೆ ಚಿಕ್ಕ ಕಿವಿ ಇಣುಕುವ ಹುಕ್

ಕಮಾಂಡ್ ಬ್ರ್ಯಾಂಡಿನ ಮಾದರಿಯ ಈ ಹುಕ್‌ಗಳಲ್ಲಿ ಹಿಗ್ಗುವ ಅಂಟುಪಟ್ಟಿ ಇರುತ್ತದೆ, ಕೆಳಗೆ ಇಣುಕುವ ಕಿವಿ ಅದರ ತುದಿ. ಪಟ್ಟಿ ಉದ್ದಕ್ಕೆ ಹಿಗ್ಗಿದಂತೆ ತೆಳ್ಳಗಾಗಿ ಗೋಡೆಯಿಂದ ತಾನೇ ಬಿಡುತ್ತದೆ. ಒಂದು ಕೈಯಿಂದ ಹುಕ್ಕನ್ನು ಹಗುರವಾಗಿ ಹಿಡಿದಿರಿ, ಗೋಡೆಗೆ ಒತ್ತಬೇಡಿ. ಒತ್ತಿದರೆ ಪಟ್ಟಿ ಒಳಗೇ ಸಿಕ್ಕಿ ತುಂಡಾಗುತ್ತದೆ. ಇನ್ನೊಂದು ಕೈಯಿಂದ ಕಿವಿಯನ್ನು ನೇರ ಕೆಳಕ್ಕೆ, ಬೆರಳಗೆಣ್ಣು ಗೋಡೆಗೆ ತಾಗುವಷ್ಟು ಹತ್ತಿರದಲ್ಲಿ, ನಿಧಾನವಾಗಿ ಎಳೆಯಿರಿ. ಪಟ್ಟಿ ಒಂದು ಅಡಿಗೂ ಮೀರಿ ಹಿಗ್ಗಬಹುದು. ಅರ್ಧಕ್ಕೆ ಬಂದಾಗ ಸಾಕೆನಿಸಿ ನಮ್ಮ ಕಡೆಗೆ ತಿರುಗಿಸಿ ಎಳೆಯುವುದೇ ಇಲ್ಲಿ ಎಲ್ಲರೂ ಮಾಡುವ ತಪ್ಪು. ಕಿವಿ ಹರಿದುಹೋದರೆ ಮುಂದೆ ಹೇಳುವ ದಾರದ ವಿಧಾನಕ್ಕೆ ಬನ್ನಿ.

ಫೋಮ್ ಟೇಪಿನ ಹುಕ್

ಬೇಕಾದದ್ದು ಹೇರ್ ಡ್ರೈಯರ್ ಮತ್ತು ಸುಮಾರು 45 ಸೆಂ.ಮೀ. ಉದ್ದದ ಹಲ್ಲಿನ ಫ್ಲಾಸ್ ಅಥವಾ ಗಾಳಕ್ಕೆ ಬಳಸುವ ತೆಳು ನೈಲಾನ್ ದಾರ. ಹೊಲಿಗೆ ದಾರ ತುಂಡಾಗುತ್ತದೆ.

ಡ್ರೈಯರನ್ನು ಮಧ್ಯಮ ಬಿಸಿಯಲ್ಲಿಟ್ಟು, 15 ಸೆಂ.ಮೀ. ದೂರದಿಂದ, ಒಂದೆಡೆ ನಿಲ್ಲಿಸದೆ ಅಂಚುಗಳ ಸುತ್ತ ಸುಮಾರು ಒಂದು ನಿಮಿಷ ಆಡಿಸಿ. ಗೋಡೆಗೆ ಬೆರಳಿಟ್ಟರೆ ಬೆಚ್ಚಗಿರಬೇಕು, ಸುಡಬಾರದು. ಎಮಲ್ಷನ್ ಕೂಡ ಬಿಸಿಗೆ ಮೆತ್ತಗಾಗುವ ವಸ್ತುವೇ. ಹೆಚ್ಚು ಕಾಯಿಸಿದರೆ ಅಂಟಿಗಿಂತ ಮೊದಲು ಬಣ್ಣವೇ ಗುಳ್ಳೆ ಏಳಬಹುದು. ಮೇಣದಬತ್ತಿ, ಲೈಟರ್, ಇಸ್ತ್ರಿಪೆಟ್ಟಿಗೆ ಯಾವುದೂ ಬೇಡ.

ದಾರವನ್ನು ಎರಡೂ ತೋರುಬೆರಳಿಗೆ ಸುತ್ತಿ, ಹುಕ್ಕಿನ ಮೇಲಂಚಿನಲ್ಲಿ ಒಳಕ್ಕೆ ಸೇರಿಸಿ. ಗರಗಸದಂತೆ ಎಡಕ್ಕೂ ಬಲಕ್ಕೂ ಎಳೆಯುತ್ತ ಕೆಳಗಿಳಿಯಿರಿ. ಇಲ್ಲಿ ಒಂದು ಸೂಕ್ಷ್ಮವಿದೆ: ದಾರ ಹುಕ್ಕಿನ ಬೆನ್ನಿಗೆ ಒರಗಿ ಓಡಬೇಕು, ಗೋಡೆಗೆ ಒರಗಿ ಅಲ್ಲ. ಅದಕ್ಕಾಗಿ ಕೈಗಳನ್ನು ಗೋಡೆಯಿಂದ ತುಸು ಹೊರಕ್ಕೆ ಹಿಡಿದಿರಬೇಕು. ಆಗ ಫೋಮ್ ನಡುವೆ ಸೀಳಿ, ಒಂದು ಪದರ ಗೋಡೆಯ ಮೇಲೆ ಉಳಿಯುತ್ತದೆ, ಉಳಿಯಲಿ. ಕೈ ಒಳಗೆ ಹೋದರೆ ದಾರವೇ ಬಣ್ಣವನ್ನು ಕೆತ್ತುತ್ತದೆ. ದಾರ ಹಿಡಿದುಕೊಂಡು ಓಡದಿದ್ದರೆ ಅಂಟು ತಣ್ಣಗಾಗಿದೆ ಎಂದರ್ಥ, ಬಲ ಹಾಕದೆ ಮತ್ತೆ ಅರ್ಧ ನಿಮಿಷ ಬಿಸಿ ಕೊಡಿ.

ಪಾರದರ್ಶಕ ಚೌಕದ ಹುಕ್

ಅಡುಗೆಮನೆಯಲ್ಲಿ ಸೌಟು, ಜರಡಿ ತೂಗುಹಾಕುವ ಈ ಹುಕ್ ಟೈಲ್ಸ್‌ನಂಥ ನುಣುಪು ಮೇಲ್ಮೈಗೆ ತಕ್ಕದ್ದು. ಪೇಂಟಿನ ಗೋಡೆಗೆ ಅಂಟಿಸಿದರೆ ತೆಗೆಯುವಾಗ ಕಾಡುವುದೂ ಇದೇ. ಅಂಟು ತೆಳುವಾಗಿರುವುದರಿಂದ ದಾರ ತೂರುವುದಿಲ್ಲ. ಮೇಲೆ ಹೇಳಿದಂತೆಯೇ ಬಿಸಿ ಕೊಟ್ಟು ಒಂದು ಮೂಲೆಯನ್ನು ಉಗುರಿನಿಂದ ಎಬ್ಬಿಸಿ. ಎದ್ದ ಮೂಲೆಯನ್ನು ಗೋಡೆಗೆ ಸಮಾನಾಂತರವಾಗಿ ಹಿಂದಕ್ಕೆ ಮಡಚಿ, ಹಾಳೆ ಸುಲಿಯುವಂತೆ, ಒಂದೊಂದೇ ಮಿಲಿಮೀಟರ್ ಬಿಡಿಸಿ. ಬಿಡಿಸುತ್ತಿರುವ ಗೆರೆಗೆ ಬಿಸಿಗಾಳಿ ತಾಗುತ್ತಲೇ ಇರಲಿ. ಇಂಥ ಅಂಟನ್ನು ಫಕ್ಕನೆ ಎಳೆದರೆ ಬಿಗಿಯಾಗಿ ಹಿಡಿಯುತ್ತದೆ, ನಿಧಾನವಾಗಿ ಎಳೆದರೆ ಹಿಗ್ಗಿ ಬಿಟ್ಟುಕೊಡುತ್ತದೆ. ಒಂದು ಹುಕ್ಕಿಗೆ ಐದು ನಿಮಿಷ ಹಿಡಿದರೂ ಆತುರ ಬೇಡ.

ಉಳಿದ ಅಂಟು

ಇಪ್ಪತ್ತು ಸೆಕೆಂಡ್ ಬೆಚ್ಚಗೆ ಮಾಡಿ, ಹೆಬ್ಬೆರಳಿನಿಂದ ಅಂಚಿನಿಂದ ಒಳಕ್ಕೆ ಉರುಳಿಸಿ. ಅಂಟು ಸಣ್ಣ ಉಂಡೆಯಾಗುತ್ತದೆ. ಆ ಉಂಡೆಯನ್ನೇ ಉಳಿದ ಅಂಟಿನ ಮೇಲೆ ಒತ್ತಿ ಒತ್ತಿ ಎತ್ತಿದರೆ ಅಂಟು ಅಂಟನ್ನು ಎಳೆದುಕೊಳ್ಳುತ್ತದೆ. ಇದಕ್ಕಿಂತ ಸುರಕ್ಷಿತ ಸಾಧನವಿಲ್ಲ.

ನೇಲ್ ಪಾಲಿಶ್ ರಿಮೂವರ್, ಥಿನ್ನರ್ ಎಮಲ್ಷನ್ನನ್ನು ಕರಗಿಸುತ್ತವೆ. ಸ್ಪಿರಿಟ್, ಸ್ಯಾನಿಟೈಸರ್ ಬಳಸಿ ಎಂದು ಹಲವರು ಹೇಳುತ್ತಾರೆ. ಆಲ್ಕೋಹಾಲ್ ಕೂಡ ಈ ಬಣ್ಣವನ್ನು ಮೆತ್ತಗೆ ಮಾಡುತ್ತದೆ, ಶೆಲ್ಯಾಕ್ (ಅರಗಿನ) ಪಾಲಿಶ್ ಮಾಡಿದ ಮರವನ್ನಂತೂ ಹಾಳುಮಾಡುತ್ತದೆ. ಕೊಬ್ಬರಿ ಎಣ್ಣೆ ಅಂಟನ್ನು ಚೆನ್ನಾಗಿ ಬಿಡಿಸುತ್ತದೆ, ಆದರೆ ಮ್ಯಾಟ್ ಗೋಡೆ ಎಣ್ಣೆ ಕುಡಿದು ಕಪ್ಪು ಕಲೆ ಹಿಡಿಯುತ್ತದೆ, ಅದರ ಮೇಲೆ ಹೊಸ ಬಣ್ಣವೂ ಸರಿಯಾಗಿ ನಿಲ್ಲುವುದಿಲ್ಲ. ಎಣ್ಣೆಯನ್ನು ಟೈಲ್ಸ್, ಗಾಜಿಗೆ ಮೀಸಲಿಡಿ: ಹಚ್ಚಿ 20 ನಿಮಿಷ ಬಿಟ್ಟು, ಹಳೆಯ ಎಟಿಎಂ ಕಾರ್ಡಿನ ಅಂಚಿನಿಂದ ಕೆರೆದು, ಪಾತ್ರೆ ಸೋಪಿನಿಂದ ತೊಳೆಯಿರಿ.

ಆದರೂ ಚಕ್ಕೆ ಎದ್ದರೆ

ಸುತ್ತ ಸಡಿಲವಾಗಿರುವ ಬಣ್ಣವನ್ನು ಉಳಿಸಿಕೊಳ್ಳಲು ಹೋಗಬೇಡಿ, ಬ್ಲೇಡಿನಿಂದ ಕೊಯ್ದು ಗಟ್ಟಿ ಅಂಚಿಗೆ ತನ್ನಿ. ಪುಡಿಯನ್ನು ಒಣ ಬ್ರಷ್‌ನಿಂದ ತೆಗೆದು ಒಂದು ಕೈ ಪ್ರೈಮರ್ ಹಚ್ಚಿ; ಪುಡಿಯ ಮೇಲೆ ಮೆತ್ತಿದ ಪುಟ್ಟಿ ಒಣಗಿದ ಮೇಲೆ ಬಿಲ್ಲೆಯಂತೆ ಉದುರುತ್ತದೆ. ಪ್ರೈಮರ್ ಒಣಗಿದ ಮೇಲೆ ರೆಡಿಮೇಡ್ ಅಕ್ರಿಲಿಕ್ ಪುಟ್ಟಿಯನ್ನು ಒಂದು ಮಿ.ಮೀ. ಮೀರದ ಪದರಗಳಲ್ಲಿ ತುಂಬಿ, ಪ್ರತಿ ಪದರವನ್ನೂ ಪೂರ್ತಿ ಒಣಗಲು ಬಿಡಿ. ದಪ್ಪವಾಗಿ ಒಮ್ಮೆಲೇ ತುಂಬಿದರೆ ಬಿರುಕು ಬಿಡುತ್ತದೆ. 220 ನಂಬರಿನ ಉಪ್ಪು ಕಾಗದದಿಂದ ಉಜ್ಜಿ, ಅಂಗೈಯಿಂದ ಸವರಿ ನೋಡಿ. ಕಣ್ಣಿಗೆ ಕಾಣದ ಏಣು ಕೈಗೆ ಸಿಗುತ್ತದೆ. ಮೇಲೆ ಮತ್ತೊಂದು ಕೈ ಪ್ರೈಮರ್, ಆಮೇಲೆ ಬಣ್ಣ.

ಬಣ್ಣ ಹೊಂದಿಸಲು ಕಿತ್ತು ಬಂದ ಚಕ್ಕೆಯನ್ನೇ ಪೇಂಟ್ ಅಂಗಡಿಗೆ ಒಯ್ಯಿರಿ, ಅದನ್ನು ನೋಡಿ ಟಿಂಟಿಂಗ್ ಮಷೀನಿನಲ್ಲಿ ಬೆರೆಸಿಕೊಡುತ್ತಾರೆ. ಆದರೆ ಹಳೆಯ ಗೋಡೆ ಬಿಸಿಲಿಗೆ, ಹೊಗೆಗೆ ಮಾಸಿರುತ್ತದೆ, ಹೊಸ ಬಣ್ಣ ಎಷ್ಟೇ ಸರಿಯಿದ್ದರೂ ತೇಪೆ ಎದ್ದು ಕಾಣಬಹುದು. ಹಾಗಾದರೆ ಆ ಒಂದು ಗೋಡೆಗೆ ಮಾತ್ರ ಮೂಲೆಯಿಂದ ಮೂಲೆಗೆ ಹೊಡೆಯಿರಿ. ಮೂಲೆಯಲ್ಲಿ ಬೆಳಕು ಬೀಳುವ ರೀತಿಯೇ ಬದಲಾಗುವುದರಿಂದ ಪಕ್ಕದ ಗೋಡೆಯ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ.