ಸರ್ಕಾರದ ಮೇಲೆ ಹೂಡಿಕೆದಾರನ ಕೇಸು: ನಾವು ನಡೆಸಿದ ಬಗೆ

ವಿದೇಶಿ ಕಂಪನಿಯೊಂದರ ಪರವಾಗಿ ದ್ವಿಪಕ್ಷೀಯ ಹೂಡಿಕೆ ಒಪ್ಪಂದದಡಿ (ಪರಸ್ಪರರ ಹೂಡಿಕೆದಾರರನ್ನು ರಕ್ಷಿಸಲು ಎರಡು ದೇಶಗಳು ಮಾಡಿಕೊಳ್ಳುವ ಒಪ್ಪಂದ) ಒಂದು ಸರ್ಕಾರದ ಮೇಲೆ ಕೇಸು ನಡೆಸಿದ ವಕೀಲರ ತಂಡದಲ್ಲಿ ನಾನಿದ್ದೆ. ಗೌಪ್ಯತೆಯ ಆದೇಶವಿದೆ, ಹಾಗಾಗಿ ಕಂಪನಿಯ ಹೆಸರನ್ನಾಗಲಿ ದೇಶದ ಹೆಸರನ್ನಾಗಲಿ ಹೇಳುವಂತಿಲ್ಲ.

ಮೊದಲು ನೋಡಿದ್ದು ಷೇರು ಯಾರ ಹೆಸರಲ್ಲಿದೆ, ಯಾವತ್ತಿನಿಂದ ಇದೆ ಅನ್ನುವುದನ್ನು. ಜಗಳದ ವಾಸನೆ ಹೊಡೆದ ಮೇಲೆ ಷೇರುಗಳನ್ನು ಒಪ್ಪಂದವಿರುವ ದೇಶದ ಕಂಪನಿಗೆ ಸಾಗಿಸಿದರೆ ಟ್ರಿಬ್ಯೂನಲ್ (ಕೇಸು ತೀರ್ಮಾನಿಸುವ ಮಧ್ಯಸ್ಥಗಾರರ ಮಂಡಳಿ) ಒಪ್ಪುವುದಿಲ್ಲ. ಸಿಗರೇಟು ಪೊಟ್ಟಣದ ಕಾನೂನಿಗಾಗಿ ಆಸ್ಟ್ರೇಲಿಯಾವನ್ನು ಎಳೆದ ಸಿಗರೇಟು ಕಂಪನಿ ಫಿಲಿಪ್ ಮಾರಿಸ್ 2015ರಲ್ಲಿ ಮುಗ್ಗರಿಸಿದ್ದು ಇಲ್ಲೇ. ಒಪ್ಪಂದ ಚಾಲ್ತಿಯಲ್ಲಿದೆಯೇ ಎಂಬುದು ಎರಡನೆಯ ಪ್ರಶ್ನೆ. ಭಾರತ 2016-17ರ ಹೊತ್ತಿಗೆ ಹತ್ತಾರು ಹಳೆಯ ಒಪ್ಪಂದಗಳಿಗೆ ರದ್ದತಿ ನೋಟಿಸ್ ಕೊಟ್ಟಿತು. ಆದರೂ ಒಪ್ಪಂದ ಕೊನೆಗೊಳ್ಳುವ ಮುಂಚೆ ಬಂದ ಹೂಡಿಕೆಗಳಿಗೆ ಹಲವು ಒಪ್ಪಂದಗಳಲ್ಲಿ 10 ಅಥವಾ 15 ವರ್ಷಗಳ ರಕ್ಷಣೆ ಉಳಿದುಕೊಂಡಿತು.

ನೋಟಿಸ್, ರಾಜಿಗೆಂದು ಆರು ತಿಂಗಳ ಕಾಯುವಿಕೆ, ಎರಡೂ ಕಡೆಯಿಂದ ಒಬ್ಬೊಬ್ಬ ಆರ್ಬಿಟ್ರೇಟರ್ (ಮಧ್ಯಸ್ಥಗಾರ), ಮೇಲೊಬ್ಬ ಅಧ್ಯಕ್ಷ. ಇದೆಲ್ಲ ನಿಯಮದಂತೆ ಸಾಗಿತು.

ನಿಜವಾದ ದುಡಿಮೆ ಇದ್ದದ್ದು ಕಾಗದಪತ್ರದಲ್ಲಿ. ನಮ್ಮ ಕಕ್ಷಿದಾರ ಕಂಪನಿಯ ಲೈಸೆನ್ಸ್ ರದ್ದಾದದ್ದು ಸಾರ್ವಜನಿಕ ಹಿತಕ್ಕಾಗಿ ಎಂದು ಸರ್ಕಾರ ಹೇಳುತ್ತಿತ್ತು. ರದ್ದು ಮಾಡುವ ಮುಂಚೆ ಕಡತದಲ್ಲಿ ಏನು ಬರೆದಿದ್ದರು? ಅದನ್ನು ಹೊರಗೆಳೆಯುವ ಸಾಧನ ರೆಡ್‌ಫರ್ನ್ ಷೆಡ್ಯೂಲ್ ಎಂಬ ಕೋಷ್ಟಕ. ಯಾವ ದಾಖಲೆ ಬೇಕು, ಯಾಕೆ ಬೇಕು, ಎದುರಾಳಿಯ ತಕರಾರೇನು, ಅದಕ್ಕೆ ನಮ್ಮ ಉತ್ತರವೇನು. ಕೊನೆಯ ಅಂಕಣದಲ್ಲಿ ಟ್ರಿಬ್ಯೂನಲ್ ಆದೇಶ. ‘ಯೋಜನೆಗೆ ಸಂಬಂಧಿಸಿದ ಎಲ್ಲ ಪತ್ರಗಳು’ ಎಂದು ಕೇಳಿದರೆ ತಿರಸ್ಕಾರ ಗ್ಯಾರಂಟಿ. ಇಂಥ ಸಭೆಯ ನಡಾವಳಿ, ಇಂಥ ಇಲಾಖೆಯ ಟಿಪ್ಪಣಿ, ಇಷ್ಟರಿಂದ ಇಷ್ಟರ ತಾರೀಖು ಎಂದು ಬೊಟ್ಟು ಮಾಡಿ ಕೇಳಬೇಕು. ಹಾಗೆ ಕೇಳಿದ ಒಂದು ಟಿಪ್ಪಣಿ ಹಾಳೆ ಸಿಕ್ಕಿತು. ರದ್ದತಿ ಆದೇಶ ಹೊರಟ ಮೇಲಿನ ತಾರೀಖಿನಲ್ಲಿ, ‘ಕಾರಣಗಳನ್ನು ಸಿದ್ಧಪಡಿಸಿ’ ಎಂದು ಮೇಲಧಿಕಾರಿ ಬರೆದಿದ್ದ!

ಸರ್ಕಾರ ಹೇಳುವ ಕಾರಣವನ್ನು ಟ್ರಿಬ್ಯೂನಲ್ ಹೇಗೆ ತೂಗುತ್ತದೆ ಎಂಬುದಕ್ಕೆ ಬೆಂಗಳೂರಿನದೇ ಉದಾಹರಣೆ ಆಂಟ್ರಿಕ್ಸ್-ದೇವಾಸ್: ಇಸ್ರೋದ ವಾಣಿಜ್ಯ ಕಂಪನಿ ಆಂಟ್ರಿಕ್ಸ್, ಖಾಸಗಿ ಕಂಪನಿ ದೇವಾಸ್. ಇವೆರಡರ ನಡುವಿನ 2005ರ ಉಪಗ್ರಹ ತರಂಗಾಂತರ ಕರಾರು 2011ರಲ್ಲಿ ರದ್ದಾಯಿತು. ಭದ್ರತೆಗಾಗಿ ಎಂದಿತು ಸರ್ಕಾರ. ದೇವಾಸ್‌ನಲ್ಲಿ ಹಣ ಹಾಕಿದ್ದ ಮಾರಿಷಸ್ ಹೂಡಿಕೆದಾರರ ಕೇಸಿನಲ್ಲಿ 2016ರಲ್ಲಿ ಟ್ರಿಬ್ಯೂನಲ್ ಬಹುಮತದಿಂದ, ತರಂಗಾಂತರದ ಶೇ 60ರಷ್ಟಕ್ಕೆ ಆ ವಾದ ಒಪ್ಪಿ ಉಳಿದ 40ಕ್ಕೆ ಒಪ್ಪಲಿಲ್ಲ. ದೇವಾಸ್‌ನ ಇನ್ನೊಂದು ಹೂಡಿಕೆದಾರ, ಜರ್ಮನಿಯ ಡಾಯ್ಚ ಟೆಲಿಕಾಮ್ ಕಂಪನಿಯ ಕೇಸಿನ ಇನ್ನೊಂದು ಟ್ರಿಬ್ಯೂನಲ್ 2017ರಲ್ಲಿ ಅದೇ ವಾದವನ್ನು ಪೂರ್ತಿ ತಳ್ಳಿಹಾಕಿತು. ಘಟನೆ ಒಂದೇ, ಫಲ ಎರಡು. ಈ ಪದ್ಧತಿಯನ್ನು ಟೀಕಿಸುವವರ ಕೈಗೆ ಇದು ಒಳ್ಳೆಯ ಅಸ್ತ್ರ, ಮತ್ತು ಆ ಟೀಕೆ ಸುಳ್ಳೂ ಅಲ್ಲ. ಅಷ್ಟಕ್ಕೇ ಕತೆ ಮುಗಿಯಲಿಲ್ಲ: ದೇವಾಸ್ ಕಂಪನಿ ಹುಟ್ಟಿದ್ದೇ ವಂಚನೆಗಾಗಿ ಎಂದು ಅದನ್ನು ಮುಚ್ಚಿಸಿದ ಆದೇಶವನ್ನು 2022ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು.

ನಮ್ಮ ಕೇಸಿನಲ್ಲಿ ಆ ಹಾಳೆ ಬಂದ ಮೇಲೆ ಎದುರು ವಕೀಲರ ಧಾಟಿ ಬದಲಾಯಿತು. ವಿಚಾರಣೆಗೆ ಮುಂಚೆಯೇ ರಾಜಿ ಮಾತುಕತೆ. ಕೇಳಿದ ಮೊತ್ತ ಪೂರ್ತಿ ಸಿಗಲಿಲ್ಲ. ಒಂದು ಷರತ್ತನ್ನು ಮಾತ್ರ ನಾವು ಬಿಡಲಿಲ್ಲ: ರಾಜಿಯನ್ನು ಬರೀ ಪತ್ರವಾಗಿ ಇಡದೆ, ಟ್ರಿಬ್ಯೂನಲ್ ಅದನ್ನು ಅವಾರ್ಡ್ (ತೀರ್ಪು) ಆಗಿ ಹೊರಡಿಸಬೇಕು. ಸರ್ಕಾರ ನಾಳೆ ಹಣ ಕೊಡದಿದ್ದರೆ ಇಂಥ ಅವಾರ್ಡ್‌ಗಳನ್ನು ಪರದೇಶಗಳಲ್ಲೂ ಜಾರಿ ಮಾಡಲೆಂದಿರುವ 1958ರ ನ್ಯೂಯಾರ್ಕ್ ಒಡಂಬಡಿಕೆಯಡಿ ಬೇರೆ ದೇಶದ ಕೋರ್ಟಿಗೂ ಹೋಗಬಹುದಲ್ಲ!